ನಿಕಾನ್ ಎಫ್100: ಕೊಳ್ಳುವ ಮುನ್ನದ ಪರೀಕ್ಷೆಯಿಂದ ಮೊದಲ ರೀಲಿನವರೆಗೆ

ಫಿಲ್ಮ್ ಕ್ಯಾಮೆರಾಗಳ ಕಾಲ ಮುಗಿಯುತ್ತ ಬಂದ ಹೊತ್ತಿನಲ್ಲೇ ಅವುಗಳ ತಂತ್ರ ಅತ್ಯಂತ ಪಕ್ವವಾಗಿತ್ತು ಎಂಬುದಕ್ಕೆ ನಿಕಾನ್ ಎಫ್100 ಒಳ್ಳೆಯ ಸಾಕ್ಷಿ. 1999ರ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಈ ಕ್ಯಾಮೆರಾಕ್ಕೆ ನೆಮ್ಮದಿಯಿಂದ ಬಾಳಲು ಹೆಚ್ಚು ವರ್ಷಗಳು ಸಿಗಲಿಲ್ಲ. ಅದೇ ವರ್ಷ ಅದೇ ಸಂಸ್ಥೆ ಡಿ1 ಎಂಬ ಡಿಜಿಟಲ್ ಕ್ಯಾಮೆರಾವನ್ನು ಹೊರತಂದು ಪತ್ರಿಕಾ ಛಾಯಾಗ್ರಾಹಕರನ್ನು ಬೇರೆ ದಾರಿಗೆ ಹಚ್ಚಿತು. 2006ರಲ್ಲಿ ನಿಕಾನ್ ತನ್ನ ಬಹುತೇಕ ಫಿಲ್ಮ್ ಕ್ಯಾಮೆರಾಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದಾಗ ಉಳಿದುಕೊಂಡವು ಎಫ್6 ಮತ್ತು ಎಫ್‌ಎಂ10 ಮಾತ್ರ. ಹೀಗಾಗಿ ಇಂದು ಕೈಗೆ ಸಿಗುವ ಪ್ರತಿಯೊಂದು ಎಫ್100 ಕೂಡ ಹಲವು ಕೈ ದಾಟಿ, ಅನೇಕ ವರ್ಷ ಕಪಾಟಿನಲ್ಲಿ ಕುಳಿತು ಬಂದಿರುವ ಯಂತ್ರ. ಅದರ ಬಹುತೇಕ ಕೆಲಸಗಳು ವಿದ್ಯುತ್ ಮಂಡಲಗಳ ಮೇಲೆ ನಿಂತಿರುವುದರಿಂದ ಹಳೆಯ ಯಾಂತ್ರಿಕ ಕ್ಯಾಮೆರಾದಂತೆ ಊರಿನ ರಿಪೇರಿಯವರು ಬಿಚ್ಚಿ ಸರಿಮಾಡಿಕೊಡುವ ವಸ್ತು ಇದಲ್ಲ. ಕೊಳ್ಳುವ ಮೊದಲು ಅರ್ಧ ಗಂಟೆ ಪರೀಕ್ಷೆಗೆ ಕೊಟ್ಟವರು ಮುಂದೆ ಅದನ್ನು ನಿರ್ಭಯವಾಗಿ ಬಳಸಬಹುದು. ಆ ಅರ್ಧ ಗಂಟೆಯನ್ನು ಉಳಿಸಿದವರು ಪ್ರತಿ ರೀಲಿಗೂ ಅಳುಕಬೇಕಾಗುತ್ತದೆ.

ಇದೇ ಕಾಲದ ಎಫ್5 ಅನ್ನು ಬಿಟ್ಟು ಇದನ್ನೇ ಏಕೆ ಆರಿಸಬೇಕೆಂದು ಕೇಳುವವರಿದ್ದಾರೆ. 1996ರ ಎಫ್5 ಸೆಕೆಂಡಿಗೆ 8 ಚಿತ್ರಗಳನ್ನು ತೆಗೆಯುತ್ತದೆ, ಅದರ ವ್ಯೂಫೈಂಡರ್ ಫಿಲ್ಮಿನ ಮೇಲೆ ಬೀಳುವ ಚಿತ್ರವನ್ನು ಪೂರ್ತಿ ತೋರಿಸುತ್ತದೆ, ಬೆಳಕನ್ನು ಅಳೆಯುವ ಅದರ ಮೀಟರ್ ಬಣ್ಣವನ್ನೂ ಗಮನಿಸುತ್ತದೆ. ಆದರೆ ಸೆಲ್ಲುಗಳಿಲ್ಲದೆಯೇ 1210 ಗ್ರಾಂ ತೂಗುವ ಅದಕ್ಕೆ 8 ಪೆನ್ಸಿಲ್ ಸೆಲ್ಲುಗಳು ಬೇಕು. ಎಫ್100ರ ಬಾಡಿ 785 ಗ್ರಾಂ, ಸೆಲ್ಲುಗಳು ನಾಲ್ಕು, ವ್ಯೂಫೈಂಡರ್ ತೋರಿಸುವುದು 96 ಪ್ರತಿಶತ, ವೇಗ ಸೆಕೆಂಡಿಗೆ ನಾಲ್ಕೂವರೆ ಚಿತ್ರ. ಇಂದಿನ ದರದಲ್ಲಿ 36 ಚಿತ್ರಗಳ ರೀಲೊಂದನ್ನು ಐದು ಸೆಕೆಂಡಿನಲ್ಲಿ ಮುಗಿಸಲು ಯಾರಿಗೂ ಮನಸ್ಸಾಗದು ಎಂಬುದನ್ನು ನೆನೆದರೆ ಎಫ್5ರ ಆ ವೇಗಕ್ಕೆ ತೂಕ ಹೊರುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ಅಭಿಪ್ರಾಯ. ದಿನವಿಡೀ ಕೊರಳಲ್ಲಿ ಇರಬೇಕಾದ ಕ್ಯಾಮೆರಾಕ್ಕೆ ಎಫ್100 ತಕ್ಕ ಅಳತೆಯದು.

ಕೊಳ್ಳುವಾಗ ನೋಡಬೇಕಾದುದು

ಪರೀಕ್ಷೆಗೆ ಹೋಗುವಾಗ ನಾಲ್ಕು ಹೊಸ ಪೆನ್ಸಿಲ್ ಸೆಲ್ಲುಗಳು, ಒಂದು ಆಟೋಫೋಕಸ್ ಲೆನ್ಸ್, ಹಾಳಾದರೂ ಚಿಂತೆಯಿಲ್ಲದ ಒಂದು ರೀಲು, ಸಣ್ಣದೊಂದು ಟಾರ್ಚ್ ಇವನ್ನು ಜೊತೆಗೆ ಒಯ್ಯಬೇಕು. ಮೊದಲು ಸೆಲ್ಲುಗಳನ್ನು ಕೂರಿಸುವ ಎಂಎಸ್-12 ಹೋಲ್ಡರನ್ನು ಹೊರತೆಗೆದು ಅದರ ಲೋಹದ ತುದಿಗಳನ್ನು ನೋಡಿ. ಅಲ್ಲಿ ಬಿಳಿ ಅಥವಾ ಹಸಿರು ಪುಡಿ ಕಂಡರೆ ಹಳೆಯ ಸೆಲ್ಲುಗಳು ಸೋರಿವೆ ಎಂದರ್ಥ. ಹೋಲ್ಡರಿನಲ್ಲಷ್ಟೇ ಇದ್ದರೆ ಅದನ್ನು ಒರೆಸಬಹುದು ಅಥವಾ ಬದಲಾಯಿಸಬಹುದು. ಬಾಡಿಯ ಒಳಗಿನ ತುದಿಗಳಿಗೂ ಹಬ್ಬಿದ್ದರೆ ಬೆಲೆ ಎಷ್ಟೇ ಕಡಿಮೆ ಹೇಳಿದರೂ ಬಿಟ್ಟು ಬರುವುದು ಒಳ್ಳೆಯದು.

ಮುಂದಿನದು ಹಿಂಬಾಗಿಲು, ಅಂದರೆ ಫಿಲ್ಮ್ ತುಂಬಲು ತೆರೆಯುವ ಮುಚ್ಚಳ. ಇಡೀ ಕ್ಯಾಮೆರಾದಲ್ಲಿ ದುರ್ಬಲವಾದ ಭಾಗಗಳಿರುವುದು ಇಲ್ಲಿಯೇ. ಮುಚ್ಚಳವನ್ನು ಹಿಡಿದಿಡುವ ಕೊಂಡಿ ಸವೆದಿದ್ದರೆ ಅಥವಾ ತುದಿ ಮುರಿದಿದ್ದರೆ ಬಾಗಿಲು ಮುಚ್ಚಿದಂತೆ ಕಂಡರೂ ಬೆರಳಿನಿಂದ ಒತ್ತಿದಾಗ ಅಲುಗುತ್ತದೆ. ಅಂಥ ಬಾಡಿಯಲ್ಲಿ ಬೆಳಕು ಒಳನುಗ್ಗಿ ಫಿಲ್ಮ್ ಕೆಡುವುದು ಖಚಿತ. ಬಾಗಿಲನ್ನು ತೆರೆದಾಗ ಎಡಗಡೆ, ರೀಲಿನ ಡಬ್ಬಿ ಕೂರುವ ಜಾಗದಲ್ಲಿ, ಡಬ್ಬಿಯ ಸುರುಳಿಯನ್ನು ತಿರುಗಿಸುವ ಸಣ್ಣ ಕವೆ ಕಾಣುತ್ತದೆ. ಆರಂಭದ ವರ್ಷಗಳ ಎಫ್100ಗಳಲ್ಲಿ ಈ ಕವೆ ಪ್ಲಾಸ್ಟಿಕ್ಕಿನದಾಗಿತ್ತು, ಅದರ ಹಲ್ಲುಗಳು ಮುರಿಯುವ ದೂರು ಬಂದ ಮೇಲೆ ಲೋಹದ ಕವೆ ಬಂದಿತು. ಟಾರ್ಚ್ ಹಾಕಿ ಹಲ್ಲುಗಳೆರಡೂ ಇಡಿಯಾಗಿವೆಯೇ ಎಂದು ನೋಡಿ. ಪ್ಲಾಸ್ಟಿಕ್ಕಿನದಾದರೂ ಇಡಿಯಾಗಿದ್ದರೆ ಹೆದರಬೇಕಿಲ್ಲ, ಡಬ್ಬಿಯನ್ನು ಕೂರಿಸುವಾಗ ಬಲ ಹಾಕದಿದ್ದರೆ ಸಾಕು. ಕವೆ ಮುರಿದ ಕ್ಯಾಮೆರಾ ಫಿಲ್ಮನ್ನು ಮುಂದಕ್ಕೆ ಎಳೆಯುತ್ತದೆ, ಆದರೆ ಹಿಂದಕ್ಕೆ ಸುತ್ತಲಾರದು. ಇದು ರೀಲು ಪೂರ್ತಿ ಮುಗಿದ ಮೇಲೆಯೇ ಗೊತ್ತಾಗುವ ದೋಷವಾದ್ದರಿಂದ ಮಾರುವವರಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ.

ಬಾಗಿಲು ತೆರೆದಿರುವಾಗಲೇ ಶಟರನ್ನೂ, ಅಂದರೆ ಕ್ಷಣಮಾತ್ರ ತೆರೆದು ಫಿಲ್ಮಿಗೆ ಬೆಳಕು ಬಿಡುವ ಪರದೆಯನ್ನೂ, ನೋಡಿಬಿಡಬೇಕು. ಲೆನ್ಸನ್ನು ತೆಗೆದು, ಕ್ಯಾಮೆರಾವನ್ನು ಬೆಳಗಿದ ಗೋಡೆ ಅಥವಾ ಕಿಟಕಿಯ ಕಡೆಗೆ ಹಿಡಿದು, ಹಿಂದಿನಿಂದ ನೋಡುತ್ತ ಮ್ಯಾನುಯಲ್ (ಎಂ) ವಿಧಾನದಲ್ಲಿ ಬೇರೆಬೇರೆ ವೇಗಗಳಲ್ಲಿ ಶಟರ್ ಹೊಡೆಯಿಸಿ. ಒಂದು ಸೆಕೆಂಡ್ ನಿಜವಾಗಿ ಒಂದು ಸೆಕೆಂಡಿನಂತೆ ಇರಬೇಕು; ಅತಿ ಹೆಚ್ಚಿನ ವೇಗವಾದ 1/8000 ಸೆಕೆಂಡಿನಲ್ಲೂ ಚೌಕಟ್ಟಿನ ಉದ್ದಗಲಕ್ಕೆ ಬೆಳಕು ಮಿಂಚಿ ಮರೆಯಾಗಬೇಕು, ಒಂದು ಅಂಚು ಕತ್ತಲಾಗಿ ಉಳಿಯಬಾರದು. ಶಟರಿನ ತೆಳುವಾದ ಪಟ್ಟಿಗಳನ್ನು ಬೆರಳಿನಿಂದಾಗಲಿ ಬಟ್ಟೆಯಿಂದಾಗಲಿ ಮುಟ್ಟಲೇಬಾರದು. ಅವುಗಳ ಮೇಲೆ ಎಣ್ಣೆಯ ಕಲೆ ಅಥವಾ ಮಡಿಕೆ ಕಂಡರೂ ಆ ಬಾಡಿ ಬೇಡ.

ಬಳಿಕ ಲೆನ್ಸ್ ಹಾಕಿ, ವ್ಯೂಫೈಂಡರಿನಲ್ಲಿ ಕಾಣುವ ಐದು ಫೋಕಸ್ ಜಾಗಗಳನ್ನೂ ಒಂದೊಂದಾಗಿ ಆರಿಸಿ, ಹತ್ತಿರದ ಮತ್ತು ದೂರದ ವಸ್ತುಗಳ ಮೇಲೆ ಫೋಕಸ್ ಆಗುತ್ತದೆಯೇ ಎಂದು ಪರೀಕ್ಷಿಸಿ. ಮೀಟರನ್ನು ತಾಳೆ ನೋಡಲು ಡಿಜಿಟಲ್ ಕ್ಯಾಮೆರಾ ಇದ್ದರೆ ಒಂದೇ ಐಎಸ್‌ಒ (ಫಿಲ್ಮ್ ಬೆಳಕಿಗೆ ಸ್ಪಂದಿಸುವ ವೇಗದ ಸಂಖ್ಯೆ), ಒಂದೇ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಂಡಿಯ ಅಳತೆ) ಇಟ್ಟು ಒಂದೇ ಗೋಡೆಯನ್ನು ಎರಡರಿಂದಲೂ ಅಳೆಯಬಹುದು. ಬೆಳಕು ಇಮ್ಮಡಿಯಾಗುವ ಅಥವಾ ಅರ್ಧಕ್ಕಿಳಿಯುವ ಅಳತೆಗೆ ಒಂದು ಸ್ಟಾಪ್ ಎನ್ನುತ್ತಾರೆ; ಅದರ ಮೂರನೆಯ ಒಂದು ಪಾಲಿನಷ್ಟು ಅಂತರ ಸಹಜ, ಒಂದು ಸ್ಟಾಪಿಗಿಂತ ಹೆಚ್ಚಿದ್ದರೆ ಅನುಮಾನಿಸಬೇಕು. ಕೊನೆಗೆ ಒಯ್ದಿರುವ ರೀಲನ್ನು ತುಂಬಿ, ಹತ್ತಾರು ಸಲ ಹೊಡೆಯಿಸಿ, ಹಿಂದಕ್ಕೆ ಸುತ್ತಿಸಿ ನೋಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ವ್ಯವಹಾರ ಅಲ್ಲಿಗೇ ಮುಗಿಯಿತೆಂದು ತಿಳಿಯುವುದು ಲೇಸು.

ಹಿಂಬಾಗಿಲಿನ ರಬ್ಬರ್ ಹೊದಿಕೆ ಕೈಗೆ ಅಂಟುವುದು ಈ ಕಾಲದ ಕ್ಯಾಮೆರಾಗಳಲ್ಲಿ ಸಾಮಾನ್ಯ. ನೋಡಲು ಅಸಹ್ಯವಾದರೂ ಅದು ದೋಷವಲ್ಲ, ಬೆಲೆ ಇಳಿಸಲು ಒಳ್ಳೆಯ ನೆಪ. ಐಸೊಪ್ರೊಪೈಲ್ ಆಲ್ಕೊಹಾಲನ್ನು ಬಟ್ಟೆಗೆ ಹಾಕಿಕೊಂಡು, ಕ್ಯಾಮೆರಾದ ಮೇಲೆ ನೇರವಾಗಿ ಸುರಿಯದೆ, ತಾಳ್ಮೆಯಿಂದ ಒರೆಸಿದರೆ ಆ ಅಂಟು ಹೋಗುತ್ತದೆ.

ಸೆಲ್ಲು ಮತ್ತು ಲೆನ್ಸು

ಸೆಲ್ಲುಗಳ ವಿಷಯದಲ್ಲಿ ಲಿಥಿಯಮ್ ಪೆನ್ಸಿಲ್ ಸೆಲ್ಲುಗಳು ಬೆಲೆಗೆ ತಕ್ಕ ಬಾಳಿಕೆ ಕೊಡುತ್ತವೆ ಮತ್ತು ಹಗುರವಾಗಿಯೂ ಇರುತ್ತವೆ. ಸಾಧಾರಣ ಆಲ್ಕಲೈನ್ ಸೆಲ್ಲುಗಳನ್ನು ಹಾಕಿದವರು ಕ್ಯಾಮೆರಾ ಬಳಸದ ತಿಂಗಳುಗಳಲ್ಲಿ ಅವನ್ನು ತಪ್ಪದೆ ಹೊರತೆಗೆದಿಡಬೇಕು. ರೀಚಾರ್ಜ್ ಮಾಡುವ ಸೆಲ್ಲುಗಳ ವೋಲ್ಟೇಜ್ ಕಡಿಮೆಯಿರುವುದರಿಂದ ಪೂರ್ತಿ ಚಾರ್ಜ್ ಆಗಿದ್ದರೂ ಬೇಗನೆ ಅರ್ಧ ಇಳಿದಂತೆ ತೋರಬಹುದು. ರೀಲಿನ ನಡುವೆ ಸೆಲ್ಲು ತೀರಿಹೋದರೆ ಗಾಬರಿಯಾಗಿ ಹಿಂಬಾಗಿಲು ತೆರೆಯಬೇಡಿ. ಸೆಲ್ಲುಗಳನ್ನು ಬದಲಾಯಿಸಿದರೆ ಕ್ಯಾಮೆರಾ ಬಿಟ್ಟ ಚಿತ್ರದಿಂದಲೇ ಮುಂದುವರಿಯುತ್ತದೆ.

ಈ ಬಾಡಿಗೆ ಒಗ್ಗುವ ಲೆನ್ಸುಗಳ ಹರವು ದೊಡ್ಡದು, ಆದರೆ ಅದಕ್ಕೆ ಎರಡು ತುದಿಗಳಲ್ಲೂ ಗಡಿಯಿದೆ. 1977ಕ್ಕಿಂತ ಹಿಂದಿನ, ಎಐ (ಇಟ್ಟ ಅಪರ್ಚರನ್ನು ಬಾಡಿಗೆ ತಿಳಿಸುವ ಜೋಡಣೆ) ಬದಲಾವಣೆ ಆಗದ ಲೆನ್ಸುಗಳನ್ನು ಬಲವಂತವಾಗಿ ಕೂರಿಸಿದರೆ ಮೌಂಟಿನ ಭಾಗಕ್ಕೆ ಏಟಾಗುತ್ತದೆ. ಈಚಿನ ಇ ಗುರುತಿನ ಲೆನ್ಸುಗಳ ಅಪರ್ಚರ್ ವಿದ್ಯುತ್ತಿನಿಂದ ನಡೆಯುವುದರಿಂದ ಎಫ್100ರ ಮೇಲೆ ಅವು ಪೂರ್ತಿ ತೆರೆದೇ ಇರುತ್ತವೆ, ಎಎಫ್-ಪಿ ಲೆನ್ಸುಗಳು ಫೋಕಸ್ ಮಾಡುವುದಿಲ್ಲ, ಸಣ್ಣ ಸೆನ್ಸರಿನ ಡಿಜಿಟಲ್ ಕ್ಯಾಮೆರಾಗಳಿಗೆಂದು ಮಾಡಿದ ಡಿಎಕ್ಸ್ ಲೆನ್ಸುಗಳು ಚಿತ್ರದ ಮೂಲೆಗಳನ್ನು ಕಪ್ಪಾಗಿಸುತ್ತವೆ. ಇವುಗಳ ನಡುವಿನದೆಲ್ಲ ನಿಮ್ಮದೇ. ಬಾಡಿಯಲ್ಲೇ ಫೋಕಸ್ ಮೋಟಾರ್ ಇರುವುದರಿಂದ ಹಳೆಯ ಎಎಫ್-ಡಿ ಲೆನ್ಸುಗಳು ನಡೆಯುತ್ತವೆ. ಅಪರ್ಚರ್ ಬಳೆಯಿಲ್ಲದ ಜಿ ಲೆನ್ಸುಗಳನ್ನು ಕ್ಯಾಮೆರಾದ ಮುಂದಿನ ಡಯಲಿನಿಂದ ನಿಯಂತ್ರಿಸಬಹುದು. ಕೈನಡುಕ ತಗ್ಗಿಸುವ ವಿಆರ್ ಕೂಡ ಕೆಲಸ ಮಾಡುತ್ತದೆ. ಡಿಜಿಟಲ್ ನಿಕಾನ್ ಇರುವ ಮನೆಯಲ್ಲಿ 50 ಮಿ.ಮೀ. ಎಫ್/1.8 ಲೆನ್ಸೊಂದು ಈಗಾಗಲೇ ಇದ್ದರೆ ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ.

ಅಪರ್ಚರ್ ಬಳೆ ಇರುವ ಆಟೋಫೋಕಸ್ ಲೆನ್ಸನ್ನು ಹಾಕಿದಾಗ ಆ ಬಳೆಯನ್ನು ಅತಿ ಕಿರಿಯ ಅಪರ್ಚರಿಗೆ, ಅಂದರೆ ಸಾಮಾನ್ಯವಾಗಿ ಎಫ್/16 ಅಥವಾ ಎಫ್/22ಕ್ಕೆ, ತಿರುಗಿಸಿ ಬೀಗ ಹಾಕಬೇಕು. ಇದನ್ನು ಮರೆತರೆ ಪರದೆಯಲ್ಲಿ ಎಫ್‌ಇಇ ಎಂಬ ಅಕ್ಷರಗಳು ಮಿನುಗುತ್ತವೆ, ಶಟರ್ ಒತ್ತಿದರೂ ಬೀಳುವುದಿಲ್ಲ. ಕ್ಯಾಮೆರಾ ಕೆಟ್ಟಿದೆಯೆಂದು ಹೊಸಬರು ಹೌಹಾರುವುದು ಹೆಚ್ಚಾಗಿ ಈ ಒಂದು ಕಾರಣಕ್ಕೆ. ಕೈಯಿಂದ ಫೋಕಸ್ ಮಾಡುವ ಎಐ ಲೆನ್ಸುಗಳಲ್ಲಿ ಮಾತ್ರ ಬಳೆಯಿಂದಲೇ ಅಪರ್ಚರ್ ಇಡಬೇಕು. ಆಗ ಎ ಮತ್ತು ಎಂ ವಿಧಾನಗಳಷ್ಟೇ ಲಭ್ಯ, ಮ್ಯಾಟ್ರಿಕ್ಸ್ ಮೀಟರ್ ಇಲ್ಲ, ಉಳಿದ ಎರಡು ಮೀಟರುಗಳು ಸರಿಯಾಗಿಯೇ ಅಳೆಯುತ್ತವೆ (ಈ ವಿಧಾನ ಮತ್ತು ಮೀಟರುಗಳ ವಿವರ ಮುಂದೆ ಬರುತ್ತದೆ).

ಫ್ಲ್ಯಾಶ್ ಬಾಡಿಯಲ್ಲಿ ಇಲ್ಲ. ಹೊರಗಿನಿಂದ ಹಾಕುವುದಾದರೆ ಎಸ್‌ಬಿ-28 ಇದರ ಸಮಕಾಲೀನ. ಎಸ್‌ಬಿ-600 ಮತ್ತು ಎಸ್‌ಬಿ-800 ಕೂಡ ಫಿಲ್ಮಿನಿಂದ ಪ್ರತಿಫಲಿಸುವ ಬೆಳಕನ್ನು ಅಳೆಯುವ ಟಿಟಿಎಲ್ ವಿಧಾನಕ್ಕೆ ಒಗ್ಗುತ್ತವೆ, ಆದರೆ ಅವುಗಳ ನಂತರದ ಎಸ್‌ಬಿ-900 ಮತ್ತು ಎಸ್‌ಬಿ-700 ಒಗ್ಗುವುದಿಲ್ಲ.

ರೀಲು ತುಂಬುವುದು

ನೆರಳಿನಲ್ಲಿ ನಿಂತು ಹಿಂಬಾಗಿಲು ತೆರೆಯಿರಿ. ಡಬ್ಬಿಯನ್ನು ಎಡಗಡೆಯ ಜಾಗದಲ್ಲಿ ಓರೆಯಾಗಿ ಇಳಿಸಿ, ಮೊದಲೇ ಹೇಳಿದ ಕವೆಗೆ ಅದು ತಾನಾಗಿ ಕೂರುವಂತೆ ಮೆಲ್ಲನೆ ಅಲುಗಿಸಿ. ಫಿಲ್ಮಿನ ನಾಲಿಗೆಯನ್ನು ಬಲಗಡೆಯ ಕೆಂಪು ಗುರುತಿನವರೆಗೆ ಎಳೆದು, ಸಡಿಲ ಉಳಿಯದಂತೆ ಚಪ್ಪಟೆಯಾಗಿಟ್ಟು, ಬಾಗಿಲು ಮುಚ್ಚಿ, ಶಟರ್ ಬಟನ್ ಒತ್ತಿ. ಮೋಟಾರ್ ಫಿಲ್ಮನ್ನು ಸೆಳೆದುಕೊಂಡು ಪರದೆಯಲ್ಲಿ 1 ಎಂಬ ಅಂಕಿಯನ್ನು ತೋರಿಸಿದರೆ ಕೆಲಸ ಸರಿಯಾಗಿದೆ. ಎರರ್ ಎಂದು ಮಿನುಗಿದರೆ ನಾಲಿಗೆ ಗುರುತಿನಿಂದ ಹಿಂದೆಯೋ ಮುಂದೆಯೋ ಇದೆ, ತೆರೆದು ಮತ್ತೆ ಇಡಬೇಕು. ಡಬ್ಬಿ ಯಾವ ಫಿಲ್ಮಿನದು ಎಂಬುದನ್ನು ಹಿಂಬಾಗಿಲಿನ ಸಣ್ಣ ಕಿಟಕಿಯಿಂದ ನೋಡಬಹುದು.

ಇಲ್ಲಿ ಐಎಸ್‌ಒ ಬಗ್ಗೆ ಒಂದು ಮಾತು ಹೇಳಬೇಕು. ಈ ಸಂಖ್ಯೆಯನ್ನು ಡಿಎಕ್ಸ್ (ಡಿಎಕ್ಸ್ ಲೆನ್ಸುಗಳಿಗೂ ಇದಕ್ಕೂ ಸಂಬಂಧವಿಲ್ಲ) ಎಂದು ಇಟ್ಟರೆ ಡಬ್ಬಿಯ ಮೇಲಿನ ಲೋಹದ ಚೌಕಗಳನ್ನು ಓದಿ 25ರಿಂದ 5000ದವರೆಗಿನ ವೇಗವನ್ನು ಕ್ಯಾಮೆರಾ ತಾನೇ ಇಟ್ಟುಕೊಳ್ಳುತ್ತದೆ. ಕೈಯಿಂದ ಇಡುವುದಾದರೆ 6ರಿಂದ 6400ರವರೆಗೆ ಇಡಬಹುದು. ಕೈಯಿಂದ ಇಟ್ಟ ಸಂಖ್ಯೆ ಮುಂದಿನ ರೀಲಿಗೂ ಹಾಗೆಯೇ ಉಳಿಯುತ್ತದೆ. ನಾನು ಒಮ್ಮೆ ಕಪ್ಪು-ಬಿಳುಪಿನ ಫಿಲ್ಮಿಗಾಗಿ 1600 ಇಟ್ಟುಕೊಂಡು, ಅದು ಮುಗಿದ ಮೇಲೆ ಮರೆತು, 200ರ ಬಣ್ಣದ ರೀಲೊಂದನ್ನು ಇಡೀ ಒಂದು ಮದುವೆಯಲ್ಲಿ ಮೂರು ಸ್ಟಾಪ್ ಕತ್ತಲಲ್ಲಿ ತೆಗೆದು ಮುಗಿಸಿದೆ. ವಧುವಿನ ಸೀರೆಯ ಅಂಚು ಮಾತ್ರ ಕಂಡಿತು. ಅಂದಿನಿಂದ ಪ್ರತಿ ರೀಲಿನ ಕೊನೆಯಲ್ಲಿ ಡಿಎಕ್ಸ್‌ಗೆ ಮರಳಿಸುವುದನ್ನು ಬಾಗಿಲು ಮುಚ್ಚುವಷ್ಟೇ ಅನಿವಾರ್ಯ ಕ್ರಮವಾಗಿ ಇಟ್ಟುಕೊಂಡಿದ್ದೇನೆ.

ಬೆಳಕನ್ನು ಅಳೆಯುವುದು

ಎಫ್100ರಲ್ಲಿ ದೃಶ್ಯಕ್ಕೊಂದರಂತೆ ಚಿತ್ರಗಳಿರುವ ಡಯಲ್ ಇಲ್ಲ. ಮೋಡ್ ಬಟನ್ ಒತ್ತಿ ಹಿಂದಿನ ಡಯಲ್ ತಿರುಗಿಸಿದರೆ ಪಿ, ಎಸ್, ಎ, ಎಂ ಎಂಬ ನಾಲ್ಕೇ ವಿಧಾನಗಳು ಬರುತ್ತವೆ. ಪಿಯಲ್ಲಿ ವೇಗ, ಅಪರ್ಚರ್ ಎರಡನ್ನೂ ಕ್ಯಾಮೆರಾ ಆರಿಸುತ್ತದೆ, ಎಸ್‌ನಲ್ಲಿ ವೇಗವನ್ನು ನೀವು ಆರಿಸುತ್ತೀರಿ, ಎಂನಲ್ಲಿ ಎರಡೂ ನಿಮ್ಮದೇ. ಮೊದಲ ರೀಲನ್ನು ಎ ವಿಧಾನದಲ್ಲಿ, ಅಂದರೆ ಅಪರ್ಚರನ್ನು ನೀವು ಆರಿಸಿ ವೇಗವನ್ನು ಕ್ಯಾಮೆರಾಕ್ಕೆ ಬಿಟ್ಟು, ತೆಗೆಯುವುದು ಒಳ್ಳೆಯದು. ವ್ಯೂಫೈಂಡರಿನ ಗೂನಿನ ಬಲಬದಿಯ ಸಣ್ಣ ತಿರುಗಣೆಯಿಂದ ಮೀಟರಿನ ವಿಧಾನವನ್ನು ಬದಲಾಯಿಸಬಹುದು, ಮತ್ತು ಈ ತಿರುಗಣೆಯನ್ನು ಅರಿತು ಬಳಸುವುದರಲ್ಲೇ ಈ ಕ್ಯಾಮೆರಾದ ಅರ್ಧ ವಿದ್ಯೆ ಇದೆ.

ಮ್ಯಾಟ್ರಿಕ್ಸ್ ಮೀಟರ್ ದೃಶ್ಯವನ್ನು ಹತ್ತು ಭಾಗಗಳಾಗಿ ಅಳೆದು, ಡಿ ಅಥವಾ ಜಿ ಲೆನ್ಸ್ ಇದ್ದರೆ ವಸ್ತುವಿನ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಒಂದು ತೀರ್ಮಾನಕ್ಕೆ ಬರುತ್ತದೆ. ಹತ್ತರಲ್ಲಿ ಎಂಟು ಸಲ ಅದರ ತೀರ್ಮಾನ ಸರಿ. ಉಳಿದ ಎರಡು ಸಲ ಅದು ಯಾಕೆ ತಪ್ಪಿತೆಂದು ಹೇಳಲಾಗುವುದಿಲ್ಲ, ಏಕೆಂದರೆ ಅದರ ಒಳಗಿನ ಲೆಕ್ಕ ನಮಗೆ ಕಾಣುವುದಿಲ್ಲ. ಆದ್ದರಿಂದಲೇ ಅದರ ಮೇಲೆ ತಿದ್ದುಪಡಿ ಹೇರುವುದು ಕುರುಡು ಕೆಲಸ. ತಿದ್ದುಪಡಿ ಬೇಕೆನಿಸುವ ದೃಶ್ಯದಲ್ಲಿ ಮಧ್ಯಭಾಗಕ್ಕೆ ಒತ್ತು ಕೊಡುವ ಮೀಟರಿಗೋ ಸ್ಪಾಟ್ ಮೀಟರಿಗೋ ಹೋಗಿ. ಮೊದಲನೆಯದು ವ್ಯೂಫೈಂಡರಿನ ನಡುವೆ ಕಾಣುವ 12 ಮಿ.ಮೀ. ವೃತ್ತಕ್ಕೆ ಮುಕ್ಕಾಲು ಪಾಲು ತೂಕ ಕೊಡುತ್ತದೆ. ಎರಡನೆಯದು ನೀವು ಆರಿಸಿದ ಫೋಕಸ್ ಜಾಗದ ಸುತ್ತಲಿನ 4 ಮಿ.ಮೀ. ವೃತ್ತವನ್ನು, ಅಂದರೆ ಚೌಕಟ್ಟಿನ ನೂರರಲ್ಲೊಂದು ಪಾಲನ್ನು, ಮಾತ್ರ ನೋಡುತ್ತದೆ.

ಈ ಎರಡೂ ಮೀಟರುಗಳು ತಾವು ಕಂಡದ್ದನ್ನೆಲ್ಲ ನಡುವಣ ಬೂದು ಬಣ್ಣವೆಂದೇ ನಂಬುತ್ತವೆ. ಸುಣ್ಣ ಹೊಡೆದ ಗೋಡೆಯನ್ನು ತೋರಿಸಿದರೆ ಅದನ್ನು ಬೂದಾಗಿಸುವಷ್ಟು ಬೆಳಕು ಕಡಿತ ಮಾಡುತ್ತವೆ, ಎಮ್ಮೆಯನ್ನು ತೋರಿಸಿದರೆ ಅದನ್ನೂ ಬೂದಾಗಿಸಲು ಬೆಳಕು ಹೆಚ್ಚಿಸುತ್ತವೆ. ಆದ್ದರಿಂದ ಗೋಡೆಗೆ ಒಂದೂವರೆ ಸ್ಟಾಪ್ ಕೂಡಿಸಬೇಕು, ಎಮ್ಮೆಗೆ ಸುಮಾರು ಅಷ್ಟೇ ಕಳೆಯಬೇಕು. ಅಳೆಯಲು ತಕ್ಕ ವಸ್ತು ಕಾಣದಿದ್ದರೆ ಚಿತ್ರದ ಬೆಳಕೇ ಬೀಳುವಂತೆ ನಿಮ್ಮ ಅಂಗೈಯನ್ನು ಹಿಡಿದು ಸ್ಪಾಟ್ ಮೀಟರಿನಿಂದ ಅಳೆದು ಒಂದು ಸ್ಟಾಪ್ ಕೂಡಿಸಿದರೆ ಸಾಕು. ಎಂ ವಿಧಾನದಲ್ಲಿ ಹೀಗೆ ಒಮ್ಮೆ ಅಳೆದಿಟ್ಟುಕೊಂಡರೆ ಬೆಳಕು ಬದಲಾಗುವವರೆಗೆ ಮೀಟರಿನ ಕಡೆ ನೋಡಬೇಕಾಗಿಯೇ ಇಲ್ಲ. ನಡುಹಗಲಿನ ಸಂತೆಯಲ್ಲಿ ಇದಕ್ಕಿಂತ ವೇಗದ ವಿಧಾನವನ್ನು ನಾನು ಕಂಡಿಲ್ಲ.

ಎಷ್ಟು ತಪ್ಪಿದರೆ ನಷ್ಟ ಎಂಬುದನ್ನು ಒಳಗಿರುವ ಫಿಲ್ಮ್ ನಿರ್ಧರಿಸುತ್ತದೆ. ಕೊಡಾಕ್ ಗೋಲ್ಡ್ 200ರಂಥ ಬಣ್ಣದ ನೆಗೆಟಿವ್ ಫಿಲ್ಮ್ ಎರಡು ಸ್ಟಾಪ್ ಹೆಚ್ಚು ಬೆಳಕನ್ನು ಸಹಿಸುತ್ತದೆ, ಒಂದು ಸ್ಟಾಪ್ ಕಡಿಮೆಯಾದರೆ ನೆರಳುಗಳು ಕೆಸರಿನಂತಾಗುತ್ತವೆ. ಆದ್ದರಿಂದ ಅದನ್ನು ನೆರಳಿನ ಕಡೆಯಿಂದ ಅಳೆಯಬೇಕು, ಅನುಮಾನವಿದ್ದರೆ ಹೆಚ್ಚು ಬೆಳಕು ಕೊಡಬೇಕು. ಇಲ್ಫರ್ಡ್ ಎಚ್‌ಪಿ5 ಪ್ಲಸ್‌ನಂಥ ಕಪ್ಪು-ಬಿಳುಪಿನ ಫಿಲ್ಮಿಗೂ ಇದೇ ಕ್ರಮ. ಎಕ್ಟಾಕ್ರೋಮ್‌ನಂಥ ಸ್ಲೈಡ್ ಫಿಲ್ಮಿನಲ್ಲಿ ಲೆಕ್ಕ ತಿರುವುಮುರುವು: ಅರ್ಧ ಸ್ಟಾಪ್ ಹೆಚ್ಚಾದರೂ ಬಿಳಿ ಭಾಗಗಳು ಮರಳಿ ಬಾರದಂತೆ ಅಳಿಸಿಹೋಗುತ್ತವೆ, ಆದ್ದರಿಂದ ಬೆಳಗಿದ ಭಾಗವನ್ನೇ ಅಳೆಯಬೇಕು. ಬೆಲೆಯುಳ್ಳ ದೃಶ್ಯವಾದರೆ ಬ್ರ್ಯಾಕೆಟಿಂಗ್ ಬಟನ್ ಬಳಸಿ ಬೆಳಕನ್ನು ಹೆಚ್ಚು ಕಡಿಮೆ ಮಾಡಿ ಮೂರು ಚಿತ್ರಗಳನ್ನು ತೆಗೆಯುವುದು ಜಿಪುಣರಿಗೂ ಒಪ್ಪಿಗೆಯಾಗುವ ಖರ್ಚು.

ಫೋಕಸ್ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಲೆನ್ಸಿನ ಪಕ್ಕದ ಕೀಲಿಯನ್ನು ನಿಂತ ವಸ್ತುವಿಗೆ ಎಸ್‌ನಲ್ಲೂ ಓಡುವುದಕ್ಕೆ ಸಿಯಲ್ಲೂ ಇಡಬೇಕು. ಐದು ಜಾಗಗಳೂ ಚೌಕಟ್ಟಿನ ನಡುಭಾಗದಲ್ಲೇ ಗುಂಪಾಗಿರುವುದರಿಂದ ಅಂಚಿನಲ್ಲಿರುವ ಮುಖಕ್ಕೆ ಫೋಕಸ್ ಮಾಡಿ, ಬಟನ್ ಅರ್ಧ ಒತ್ತಿ ಹಿಡಿದು, ಚೌಕಟ್ಟನ್ನು ಸರಿಸಿಕೊಳ್ಳುವ ಹಳೆಯ ಅಭ್ಯಾಸ ಇಲ್ಲಿ ಬೇಕಾಗುತ್ತದೆ.

ರೀಲು ಮುಗಿದ ಮೇಲೆ

ರೀಲು ಮುಗಿದಾಗ ಕೆಂಪು ಗುರುತಿರುವ ಎರಡು ರಿವೈಂಡ್ ಬಟನ್‌ಗಳನ್ನು ಒಟ್ಟಿಗೆ ಒಂದು ಸೆಕೆಂಡ್ ಒತ್ತಿ ಹಿಡಿದರೆ ಮೋಟಾರ್ ಫಿಲ್ಮನ್ನು ಡಬ್ಬಿಗೆ ಮರಳಿ ಸುತ್ತುತ್ತದೆ. ತಾನಾಗಿಯೇ ಸುತ್ತುವಂತೆ ಕಸ್ಟಮ್ ಸೆಟ್ಟಿಂಗಿನಲ್ಲಿ ಇಟ್ಟುಕೊಳ್ಳಲೂ ಬರುತ್ತದೆ, ಆದರೆ ನಿಶ್ಶಬ್ದ ಬೇಕಾದ ಸಭೆಯ ನಡುವೆ ಅದು ಗಿರ್ರೆಂದು ಹೊರಟರೆ ತಡೆಯುವುದು ಕಷ್ಟ. ಪರದೆಯಲ್ಲಿ ಇ ಅಕ್ಷರ ಮಿನುಗುವವರೆಗೆ ಬಾಗಿಲು ತೆರೆಯಬಾರದು, ಏಕೆಂದರೆ ತೆಗೆದ ಚಿತ್ರಗಳೆಲ್ಲ ಆವರೆಗೆ ಡಬ್ಬಿಯ ಹೊರಗೇ ಇರುತ್ತವೆ. ಲ್ಯಾಬಿಗೆ ಕೊಡುವಾಗ ಫಿಲ್ಮನ್ನು ಬೇರೆ ವೇಗದಲ್ಲಿ ತೆಗೆದಿದ್ದರೆ ಡಬ್ಬಿಯ ಮೇಲೆ ಬರೆದು, ನೆಗೆಟಿವ್‌ಗಳನ್ನು ತಪ್ಪದೆ ಮರಳಿ ಕೇಳಿ ಪಡೆಯಿರಿ. ವಿಮಾನದಲ್ಲಿ ಹೋಗುವವರು ಡೆವಲಪ್ ಆಗದ ರೀಲನ್ನು ಲಗೇಜಿಗೆ ಹಾಕದೆ ಕೈಚೀಲದಲ್ಲಿಟ್ಟುಕೊಂಡು, ಕೈಯಿಂದ ತಪಾಸಣೆ ಮಾಡುವಂತೆ ವಿನಂತಿಸಬೇಕು; ಸಿಟಿ ಮಾದರಿಯ ಹೊಸ ಸ್ಕ್ಯಾನರುಗಳು ಒಂದೇ ಸಲಕ್ಕೆ ಫಿಲ್ಮನ್ನು ಮಸುಕಾಗಿಸಬಲ್ಲವು.

ಮಲೆನಾಡು ಮತ್ತು ಕರಾವಳಿಯಲ್ಲಿ ಇರುವವರಿಗೆ ಮಳೆಗಾಲದ ನಾಲ್ಕು ತಿಂಗಳು ಕ್ಯಾಮೆರಾದ ನಿಜವಾದ ಶತ್ರು. ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಮುಚ್ಚಿಟ್ಟ ಲೆನ್ಸಿನೊಳಗೆ ಗೌರಿ ಹಬ್ಬದ ಹೊತ್ತಿಗೆ ಜೇಡರ ಬಲೆಯಂಥ ಬೂಷ್ಟು ಕಾಣಿಸಿಕೊಳ್ಳುವುದು ಅಪರೂಪವಲ್ಲ. ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಜೊತೆಗೆ ಬಾಡಿಯನ್ನೂ ಲೆನ್ಸುಗಳನ್ನೂ ಇಟ್ಟು, ಜೆಲ್‌ನ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಒಣಗಿಸಿ ಮತ್ತೆ ಬಳಸಬಹುದು. ಆ ಬಾಣಲೆಯನ್ನು ಮಾತ್ರ ಅಡುಗೆಗೆ ಮರಳಿಸಬೇಡಿ. ಫಿಲ್ಮ್ ರೀಲುಗಳು ಫ್ರಿಜ್ಜಿನಲ್ಲಿರಲಿ, ಬಳಸುವ ಹಿಂದಿನ ರಾತ್ರಿ ಡಬ್ಬಿ ತೆರೆಯದೆ ಹೊರಗಿಡಿ. ಮಳೆಗಾಲದಲ್ಲೂ ಹದಿನೈದು ದಿನಕ್ಕೊಮ್ಮೆ ಸೆಲ್ಲು ಹಾಕಿ, ನಿಧಾನದಿಂದ ವೇಗದವರೆಗೆ ಇಪ್ಪತ್ತು ಸಲ ಶಟರ್ ಹೊಡೆಯಿಸಿ, ಲೆನ್ಸಿನ ಎರಡೂ ಮುಚ್ಚಳ ತೆಗೆದು ಒಂದು ಗಂಟೆ ಬಿಸಿಲಿನ ಬೆಳಕು ಬರುವ ಕಿಟಕಿಯ ಬಳಿ, ಆದರೆ ನೇರ ಬಿಸಿಲಿಗೆ ಬೀಳದಂತೆ, ಗಾಳಿಗಿಟ್ಟು, ಸೆಲ್ಲುಗಳನ್ನು ತೆಗೆದು ಮತ್ತೆ ಡಬ್ಬಕ್ಕೆ ಸೇರಿಸಿ.